ಹೆಸರಿಲ್ಲದ ಚೆಕ್‌ಸಮ್‌ಗಳು: ಮಂಡ್ಯದ ಒಂದು ಧ್ವನಿ ಸಂಗ್ರಹದ ಪ್ರಕರಣ

ಮಂಡ್ಯದ ಒಂದು ಜಾನಪದ ಬಳಗದ ಬಳಿ ನೀಲಗಾರರ ಹಾಡುಗಾರಿಕೆ, ತತ್ವಪದ, ಸೋಬಾನೆ ಪದಗಳ ಸಾವಿರಕ್ಕೂ ಹೆಚ್ಚು ಧ್ವನಿಮುದ್ರಣಗಳಿವೆ. ಮಳವಳ್ಳಿ, ಮದ್ದೂರು, ನಾಗಮಂಗಲ ಕಡೆಯ ಹಳ್ಳಿಗಳಲ್ಲಿ, ಕಪ್ಪಡಿ ಜಾತ್ರೆಯಲ್ಲಿ ಕ್ಯಾಸೆಟ್ ಕಾಲದಲ್ಲಿ ಮಾಡಿಕೊಂಡವು. ತಂಬೂರಿ ಹಿಡಿದು ರಾತ್ರಿಯಿಡೀ ಕತೆ ನಡೆಸುತ್ತಿದ್ದ ಆ ಹಾಡುಗಾರರಲ್ಲಿ ಬಹಳ ಮಂದಿ ಈಗ ಇಲ್ಲ. ಒಂದು ಕಡತ ಕೆಟ್ಟರೆ ಮತ್ತೊಮ್ಮೆ ಹೋಗಿ ರೆಕಾರ್ಡ್ ಮಾಡಿಕೊಂಡು ಬರುವಂತಿಲ್ಲ. ಈ ಪ್ರಕರಣದಲ್ಲಿ ಪಣಕ್ಕಿದ್ದದ್ದು ಇದು. ಹಾಗಾಗಿ ಮುಂದೆ ಬರುವ ತಾಂತ್ರಿಕ ವಿವರಗಳನ್ನು ಸಣ್ಣ ವಿಷಯ ಎಂದು ನಾನು ಯಾವತ್ತೂ ನೋಡಲಿಲ್ಲ.

ಬಳಗದವರು ಕ್ಯಾಸೆಟ್‌ಗಳನ್ನು ಹಲವು ವರ್ಷಗಳಲ್ಲಿ, ಬೇರೆ ಬೇರೆ ಸ್ವಯಂಸೇವಕರ ಕೈಯಲ್ಲಿ, ಬೇರೆ ಬೇರೆ ಕಂಪ್ಯೂಟರ್‌ಗಳಲ್ಲಿ ಡಿಜಿಟಲ್ ಮಾಡಿಸಿದ್ದರು. ಹಾರ್ಡ್ ಡಿಸ್ಕ್‌ಗಳು ಹಳತಾಗುತ್ತಿವೆ, ಹೊಸ ಡಿಸ್ಕ್‌ಗೆ ಸಾಗಿಸಬೇಕು, ಸಾಗಿಸುವ ಮೊದಲು ಕಡತಗಳು ಅಂದು ಇದ್ದ ಹಾಗೇ ಇವೆಯೇ ಎಂದು ನೋಡಬೇಕು ಎಂಬ ಕೆಲಸಕ್ಕೆ ಮೈಸೂರಿನಿಂದ ನಾನು ಸೇರಿಕೊಂಡೆ. ಸಂತೋಷದ ಸಂಗತಿ ಎಂದರೆ ಡಿಜಿಟಲ್ ಮಾಡಿದವರೆಲ್ಲ ಚೆಕ್‌ಸಮ್ ತೆಗೆದಿಟ್ಟಿದ್ದರು. ಆದರೆ ಆ ಚೆಕ್‌ಸಮ್ ಯಾವ ಬಗೆಯದು ಎಂದು ಒಬ್ಬರೂ ಬರೆದಿಟ್ಟಿರಲಿಲ್ಲ. ತೆಗೆದವರಲ್ಲಿ ಒಬ್ಬರು ವಿದೇಶದಲ್ಲಿದ್ದಾರೆ, ಇನ್ನೊಬ್ಬರಿಗೆ ಆಗ ಏನು ಮಾಡಿದೆ ಎಂಬುದೇ ನೆನಪಿಲ್ಲ.

ಚೆಕ್‌ಸಮ್ ಎಂದರೇನು ಎಂದು ಗೊತ್ತಿಲ್ಲದವರಿಗೆ ಎರಡು ಮಾತು. ಕಡತದಲ್ಲಿರುವ ಪ್ರತಿ ಬೈಟನ್ನೂ ಒಂದು ನಿಗದಿತ ಲೆಕ್ಕಕ್ಕೆ ಹಾಕಿದರೆ ಕೊನೆಗೆ ಒಂದು ಗಿಡ್ಡ ಸಂಖ್ಯೆ ಉಳಿಯುತ್ತದೆ. ಕಡತ ಎರಡು ಕೆಬಿ ಇರಲಿ, ಎರಡು ಜಿಬಿ ಇರಲಿ, ಒಂದೇ ಲೆಕ್ಕ ಹಾಕಿದರೆ ಉತ್ತರದ ಉದ್ದ ಒಂದೇ. ಒಂದು ಬಿಟ್ ಬದಲಾದರೂ ಉತ್ತರ ಬೇರೆ ಬರುತ್ತದೆ. ಇಂದು ಲೆಕ್ಕ ಹಾಕಿ ಬರೆದಿಟ್ಟುಕೊಂಡು, ಹತ್ತು ವರ್ಷದ ಮೇಲೆ ಮತ್ತೆ ಹಾಕಿದಾಗ ಅದೇ ಉತ್ತರ ಬಂದರೆ ಕಡತ ನೆಟ್ಟಗಿದೆ ಎಂದರ್ಥ. ಆದರೆ ಲೆಕ್ಕದಲ್ಲಿ ಹಲವು ಬಗೆ: ಸಿಆರ್‌ಸಿ-32, ಎಂಡಿ5, ಎಸ್‌ಎಚ್‌ಎ-1, ಎಸ್‌ಎಚ್‌ಎ-256, ಹೀಗೆ. ಸಕ್ಕರೆ ಕಾರ್ಖಾನೆಯ ವೇಬ್ರಿಡ್ಜ್ ಚೀಟಿಯಲ್ಲಿ ಬರೀ 14 ಎಂದು ಬರೆದು, ಟನ್ನೋ ಕ್ವಿಂಟಾಲೋ ಎಂದು ಬರೆಯದೆ ಬಿಟ್ಟರೆ ಕಬ್ಬು ತಂದ ರೈತನಿಗೆ ಆ ಚೀಟಿ ಎಷ್ಟು ಪ್ರಯೋಜನವೋ, ಬಗೆ ಬರೆಯದ ಚೆಕ್‌ಸಮ್ಮೂ ಅಷ್ಟೇ.

ನಮ್ಮ ಕೈಗೆ ಬಂದದ್ದು ನಾಲ್ಕು ಪಟ್ಟಿ. ಒಂದು ಎಕ್ಸೆಲ್ ಹಾಳೆ, ಎರಡು ನೋಟ್‌ಪ್ಯಾಡ್ ಕಡತ, ಇನ್ನೊಂದು ಯಾವುದೋ ತಂತ್ರಾಂಶ ಉಗುಳಿದ ಪಠ್ಯ ಕಡತ.

ಉದ್ದ ಏನು ಹೇಳುತ್ತದೆ

ಚೆಕ್‌ಸಮ್ ಗುರುತಿಸುವ ಟೂಲ್ ಎಂದರೆ ಬಹಳ ಜನ ಊಹಿಸಿಕೊಳ್ಳುವುದು ಒಂದೇ ಕೆಲಸವನ್ನು: ಅಕ್ಷರ ಎಣಿಸುವುದು. ಅದರಲ್ಲಿ ತಪ್ಪಿಲ್ಲ, ಶುರು ಮಾಡಬೇಕಾದ್ದೇ ಅಲ್ಲಿಂದ. ಚೆಕ್‌ಸಮ್‌ಗಳನ್ನು ಸಾಮಾನ್ಯವಾಗಿ ಹದಿನಾರರ ಮಾನದಲ್ಲಿ, ಅಂದರೆ 0ಯಿಂದ 9 ಮತ್ತು ಎ ಇಂದ ಎಫ್‌ವರೆಗಿನ ಚಿಹ್ನೆಗಳಲ್ಲಿ ಬರೆಯುತ್ತಾರೆ. ಒಂದು ಚಿಹ್ನೆಗೆ ನಾಲ್ಕು ಬಿಟ್. ಹಾಗಾಗಿ 8 ಚಿಹ್ನೆ ಇದ್ದರೆ 32 ಬಿಟ್, ಬಹುತೇಕ ಸಿಆರ್‌ಸಿ-32. 32 ಚಿಹ್ನೆ ಇದ್ದರೆ 128 ಬಿಟ್, ಎಂಡಿ5 ಇರಬಹುದು. 40 ಇದ್ದರೆ ಎಸ್‌ಎಚ್‌ಎ-1. 64 ಇದ್ದರೆ ಎಸ್‌ಎಚ್‌ಎ-256, 96 ಇದ್ದರೆ ಎಸ್‌ಎಚ್‌ಎ-384, 128 ಇದ್ದರೆ ಎಸ್‌ಎಚ್‌ಎ-512. ಕೆಲವರು ಹದಿನಾರರ ಮಾನದ ಬದಲು 64 ಚಿಹ್ನೆಗಳನ್ನು ಬಳಸುವ ಬೇಸ್64ನಲ್ಲಿ ಬರೆಯುತ್ತಾರೆ. ಆಗ ಎಂಡಿ5 24 ಅಕ್ಷರವಾಗಿ ಎರಡು ಸಮ ಚಿಹ್ನೆಯಿಂದ ಮುಗಿಯುತ್ತದೆ, ಎಸ್‌ಎಚ್‌ಎ-256 44 ಅಕ್ಷರವಾಗಿ ಒಂದು ಸಮ ಚಿಹ್ನೆಯಿಂದ ಮುಗಿಯುತ್ತದೆ.

ತೊಡಕು ಇರುವುದು ಒಂದೇ ಉದ್ದಕ್ಕೆ ಹಲವು ವಾರಸುದಾರರು ಇರುವುದರಲ್ಲಿ. 32 ಚಿಹ್ನೆಯದು ಎಂಡಿ5 ಆಗಬಹುದು, ಅದಕ್ಕಿಂತ ಹಳೆಯ ಎಂಡಿ4 ಆಗಬಹುದು. 40ರದ್ದು ಎಸ್‌ಎಚ್‌ಎ-1 ಅಥವಾ ರೈಪ್‌ಎಂಡಿ-160. 64ಕ್ಕೆ ಎಸ್‌ಎಚ್‌ಎ-256 ಜೊತೆಗೆ ಎಸ್‌ಎಚ್‌ಎ3-256, ಬ್ಲೇಕ್2ಎಸ್, ಬ್ಲೇಕ್3 ಕೂಡ ಸಾಲಿನಲ್ಲಿ ನಿಲ್ಲುತ್ತವೆ. 8ರಲ್ಲೂ ಸಿಆರ್‌ಸಿ-32, ಸಿಆರ್‌ಸಿ-32ಸಿ, ಆಡ್ಲರ್-32 ಎಂದು ಬೇರೆ ಬೇರೆ. ಸಂಖ್ಯೆಯನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಇವುಗಳಲ್ಲಿ ಯಾವುದು ಎಂದು ತಿಳಿಯುವುದಿಲ್ಲ. ಒಳ್ಳೆಯ ಲೆಕ್ಕದ ಉತ್ತರ ನೋಡಲು ಪೂರ್ತಿ ಯಾದೃಚ್ಛಿಕವಾಗಿಯೇ ಇರಬೇಕು, ಅದರ ಗುಣವೇ ಅದು.

ಆದ್ದರಿಂದ ನಾವು ಬರೆದುಕೊಂಡ ಟೂಲಿಗೆ ಮೊದಲ ದಿನವೇ ಒಂದು ನಿಯಮ ಹಾಕಿದೆವು. ಬರೀ ಉದ್ದ ನೋಡಿ ಅದು ಹೇಳಬಹುದಾದ ಮಾತು "ಇರಬಹುದು" ಎಂಬುದು ಮಾತ್ರ. "ಖಚಿತ" ಎನ್ನಬೇಕಾದರೆ ಪಟ್ಟಿಯಲ್ಲಿರುವ ಒಂದು ಕಡತವನ್ನು ಓದಿ, ಸಾಧ್ಯವಿರುವ ಎಲ್ಲ ಲೆಕ್ಕಗಳನ್ನೂ ಹಾಕಿ, ಒಂದರ ಉತ್ತರ ಪಟ್ಟಿಯ ಸಂಖ್ಯೆಗೆ ತಾಳೆಯಾಗಬೇಕು. ಸಾಕ್ಷಿ ಹೇಳಬೇಕಾದದ್ದು ಕಡತ.

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಇದು ದೊಡ್ಡ ಕೆಲಸವಲ್ಲ. ಹ್ಯಾಶ್‌ಲಿಬ್ ಎಂಬ ಅಂತರ್ಗತ ಮಾಡ್ಯೂಲಿನಲ್ಲಿ ಎಂಡಿ5, ಎಸ್‌ಎಚ್‌ಎ ಕುಟುಂಬ, ಬ್ಲೇಕ್2 ಎಲ್ಲ ಇವೆ. ಸಿಆರ್‌ಸಿ-32, ಆಡ್ಲರ್-32 ಜೆಡ್‌ಲಿಬ್‌ನಲ್ಲಿ ಸಿಗುತ್ತವೆ. ಒಂದೇ ಎಚ್ಚರ: ಹತ್ತು ಲೆಕ್ಕ ಹಾಕಲು ಕಡತವನ್ನು ಹತ್ತು ಸಲ ಓದಬಾರದು. ಒಂದು ತುಂಡು ಓದಿ ಅದನ್ನೇ ಎಲ್ಲ ಲೆಕ್ಕಗಳಿಗೂ ಕೊಟ್ಟು ಮುಂದಿನ ತುಂಡಿಗೆ ಹೋಗಬೇಕು. 96 ಕಿಲೋಹರ್ಟ್ಜ್, 24 ಬಿಟ್, ಸ್ಟೀರಿಯೊದಲ್ಲಿ ಡಿಜಿಟಲ್ ಮಾಡಿದ ಸಿ-60 ಕ್ಯಾಸೆಟ್ಟಿನ ಒಂದು ಮಗ್ಗುಲು ಒಂದು ಜಿಬಿ ದಾಟುತ್ತದೆ. ಹಳೆಯ ಯುಎಸ್‌ಬಿ 2 ಡಿಸ್ಕಿನಿಂದ ಅದನ್ನು ಮತ್ತೆ ಮತ್ತೆ ಓದಿಸುವುದು ಸಮಯ ದಂಡ, ಅದಕ್ಕಿಂತ ಹೆಚ್ಚಾಗಿ ವಯಸ್ಸಾದ ಡಿಸ್ಕಿಗೆ ಹಿಂಸೆ. ಅದೇ ಕಾರಣಕ್ಕೆ ಬಗೆ ಪತ್ತೆಗೆ ಪ್ರತಿ ಫೋಲ್ಡರಿನ ಅತಿ ಚಿಕ್ಕ ಮೂರು ಕಡತಗಳನ್ನು ಮಾತ್ರ ಟೂಲ್ ಮುಟ್ಟುತ್ತದೆ. ಬಗೆ ಗೊತ್ತಾದ ಮೇಲೆ ಉಳಿದವನ್ನು ಒಂದೇ ಲೆಕ್ಕದಲ್ಲಿ ಪರಿಶೀಲಿಸಿದರಾಯಿತು.

ಮೂರು ಕಡತ ಏಕೆ, ಒಂದು ಸಾಲದೇ? 64 ಚಿಹ್ನೆಯ ಸಂಖ್ಯೆ ಒಮ್ಮೆ ತಾಳೆಯಾದರೆ ಅದು ಆಕಸ್ಮಿಕ ಎನ್ನಲು ಸಾಧ್ಯವೇ ಇಲ್ಲ. 8 ಚಿಹ್ನೆಯದರಲ್ಲೂ ಆಕಸ್ಮಿಕ ತಾಳೆಯ ಸಾಧ್ಯತೆ ಸುಮಾರು 429 ಕೋಟಿಗೆ ಒಂದು. ಮೂರು ಬೇಕಾದದ್ದು ಇನ್ನೊಂದು ಕಾರಣಕ್ಕೆ: ನಾವು ಆರಿಸಿದ ಆ ಒಂದು ಕಡತವೇ ಕೆಟ್ಟಿದ್ದರೆ? ಆಗ ಸರಿಯಾದ ಲೆಕ್ಕವೂ ತಾಳೆಯಾಗುವುದಿಲ್ಲ. ಮೂರರಲ್ಲಿ ಎರಡು ತಾಳೆಯಾಗಿ ಒಂದು ಆಗದಿದ್ದರೆ ಆ ಒಂದು ಕಡತದ ಮೇಲೆ ಅನುಮಾನ. ಮೂರೂ ಆಗದಿದ್ದರೆ ಅನುಮಾನ ನಮ್ಮ ಊಹೆಯ ಮೇಲೆ. ಈ ವ್ಯತ್ಯಾಸ ಮುಂದೆ ನಾಲ್ಕನೇ ಪಟ್ಟಿಯಲ್ಲಿ ನಮ್ಮನ್ನು ಕಾಪಾಡಿತು.

ಎಕ್ಸೆಲ್ ತಿಂದ ಸೊನ್ನೆಗಳು

ಮೊದಲ ಪಟ್ಟಿಯ ಬಗೆ ಸಿಕ್ಕಿದ್ದು ಬೇಗ. ಬಹುತೇಕ ಸಾಲುಗಳು 8 ಚಿಹ್ನೆಯವು, ಸಣ್ಣ ಕಡತಗಳ ಮೇಲೆ ಪರೀಕ್ಷಿಸಿದರೆ ಸಿಆರ್‌ಸಿ-32 ಖಚಿತ. ಮೂಲದಲ್ಲಿ ಎಸ್‌ಎಫ್‌ವಿ ಎಂಬ, ಸಿಆರ್‌ಸಿ-32 ಪಟ್ಟಿ ಇಡುವ ಪಠ್ಯ ಕಡತವಾಗಿದ್ದುದನ್ನು ಯಾರೋ ಎಕ್ಸೆಲ್‌ಗೆ ಅಂಟಿಸಿದ್ದರು ಎಂಬುದು ವಿನ್ಯಾಸದಿಂದ ಗೊತ್ತಾಗುತ್ತಿತ್ತು, ಎಸ್‌ಎಫ್‌ವಿಯಲ್ಲಿ ಕಡತದ ಹೆಸರು ಮೊದಲು, ಸಂಖ್ಯೆ ಆಮೇಲೆ.

ಕಷ್ಟ ಇದ್ದದ್ದು ಅಲ್ಲೊಂದು ಇಲ್ಲೊಂದು ಕಾಣುತ್ತಿದ್ದ ಗಿಡ್ಡ ಸಾಲುಗಳಲ್ಲಿ. ಒಂದರಲ್ಲಿ 7 ಚಿಹ್ನೆ, ಮತ್ತೊಂದರಲ್ಲಿ 6. ಕೆಲವು ಕೋಶಗಳಲ್ಲಿ ದಶಮಾಂಶ ಬಿಂದು, ಇ ಅಕ್ಷರ, ಕೂಡುವ ಚಿಹ್ನೆ ಬೇರೆ. ಬಳಗದ ಕಾರ್ಯದರ್ಶಿಯವರು, ನಿವೃತ್ತ ಶಾಲಾ ಶಿಕ್ಷಕರು, ಅವೆಲ್ಲ ಕೆಟ್ಟ ಕಡತಗಳು ಎಂದು ಆಗಲೇ ಕೆಂಪು ಗುರುತು ಹಾಕಿಟ್ಟಿದ್ದರು. ನಿಜವಾಗಿ ಕೆಟ್ಟದ್ದು ಪಟ್ಟಿ. ಒಂದು ಚೆಕ್‌ಸಮ್‌ನಲ್ಲಿ ಅಕ್ಷರವೇ ಬರದೆ ಬರೀ ಅಂಕಿಗಳೇ ಬಂದರೆ ಎಕ್ಸೆಲ್ ಅದನ್ನು ಮಾಮೂಲಿ ಸಂಖ್ಯೆ ಎಂದುಕೊಂಡು ಆರಂಭದ ಸೊನ್ನೆಗಳನ್ನು ಅಳಿಸಿಬಿಡುತ್ತದೆ. ನಡುವೆ ಒಂದೇ ಒಂದು ಇ ಬಂದು ಉಳಿದವು ಅಂಕಿಗಳಾದರೆ ಅದನ್ನು ಘಾತ ರೂಪದ ಸಂಖ್ಯೆ ಎಂದು ಓದುತ್ತದೆ. 8 ಚಿಹ್ನೆಯೂ ಅಂಕಿಗಳೇ ಆಗುವ ಸಂಭವ ನೂರಕ್ಕೆ ಎರಡು ಮೂರು, ಅದರಲ್ಲೂ ಹತ್ತಕ್ಕೊಂದು ಮಾತ್ರ ಸೊನ್ನೆಯಿಂದ ಶುರುವಾಗುತ್ತದೆ. ಹೀಗಾಗಿ ಹಾನಿ ಎಲ್ಲ ಕಡೆ ಕಾಣದೆ ಚದುರಿದಂತೆ ಇರುತ್ತದೆ, ಕಡತಗಳೇ ಅಲ್ಲಲ್ಲಿ ಕೆಟ್ಟಿವೆ ಎಂಬ ಭ್ರಮೆ ಹುಟ್ಟಿಸುತ್ತದೆ.

ಅದಕ್ಕೆ ಟೂಲ್ ಒಂದು ಸಾಲನ್ನು ನೋಡಿ ತೀರ್ಮಾನಿಸದೆ ಇಡೀ ಪಟ್ಟಿಯನ್ನು ನೋಡುವಂತೆ ಮಾಡಿದೆವು. ಹೆಚ್ಚಿನ ಸಾಲು 8 ಇದ್ದು ಕೆಲವು ಮಾತ್ರ ಗಿಡ್ಡವಿದ್ದರೆ ಆರಂಭದಲ್ಲಿ ಸೊನ್ನೆ ತುಂಬಿಸಿ ಪರೀಕ್ಷಿಸುತ್ತದೆ. ತುಂಬಿಸಿದ್ದನ್ನು ಗುಟ್ಟಾಗಿ ಇಡದೆ ವರದಿಯಲ್ಲಿ ಹೇಳುತ್ತದೆ. ಸೊನ್ನೆ ಕಳೆದುಕೊಂಡ ಸಾಲುಗಳೆಲ್ಲ ಹೀಗೆ ತಾಳೆಯಾದವು. ಘಾತ ರೂಪಕ್ಕೆ ತಿರುಗಿದವುಗಳಲ್ಲಿ ಕೆಲವಕ್ಕೆ ಮೂಲ ಚಿಹ್ನೆಗಳನ್ನು ಮರಳಿ ಕಟ್ಟಲು ಆಯಿತು, ಕೆಲವಕ್ಕೆ ಆಗಲಿಲ್ಲ. ಆಗದವನ್ನು ಎರಡನೇ ಡಿಸ್ಕಿನ ಪ್ರತಿಯೊಂದಿಗೆ ಬೈಟಿಗೆ ಬೈಟ್ ಹೋಲಿಸಿದೆವು, ಎರಡೂ ಒಂದೇ ಇದ್ದವು. ಕಾರ್ಯದರ್ಶಿಯವರು ಕೆಂಪು ಗುರುತುಗಳನ್ನು ಅಳಿಸಿದರು.

ಅರವತ್ತನಾಲ್ಕು ನೂರಿಪ್ಪತ್ತೆಂಟಾದ ಬಗೆ

ಎರಡನೇ ಪಟ್ಟಿಯಲ್ಲಿ ಎರಡೆರಡು ಚಿಹ್ನೆಗಳ 20 ಜೋಡಿ, ಜೋಡಿಗಳ ನಡುವೆ ಖಾಲಿ ಜಾಗ. ಒಟ್ಟು ಎಣಿಸಿದರೆ 59, ಅಂಥ ಉದ್ದದ ಚೆಕ್‌ಸಮ್ ಇಲ್ಲ. ಖಾಲಿ ಜಾಗ ತೆಗೆದರೆ 40. ವಿಂಡೋಸ್ 7ರ ಸರ್ಟ್‌ಯುಟಿಲ್ ಆದೇಶ ಹೀಗೆ ಬಿಡಿಸಿ ಬಿಡಿಸಿ ಅಚ್ಚು ಮಾಡುತ್ತಿತ್ತು, ಬಗೆ ಹೇಳದೆ ಕೇಳಿದರೆ ಅದು ಹಾಕುವ ಲೆಕ್ಕ ಎಸ್‌ಎಚ್‌ಎ-1. ವಾಸ್ತವವಾಗಿ ಆ ಆದೇಶ ಮೊದಲ ಸಾಲಿನಲ್ಲಿ ಬಗೆಯ ಹೆಸರನ್ನೂ ಹೇಳುತ್ತದೆ. ನೋಟ್‌ಪ್ಯಾಡಿಗೆ ತಂದವರು ಎರಡನೇ ಸಾಲನ್ನು ಮಾತ್ರ ತಂದಿದ್ದರು. ಪರೀಕ್ಷೆಯಲ್ಲಿ ಎಸ್‌ಎಚ್‌ಎ-1 ಖಚಿತವಾಯಿತು, ಈ ಪಟ್ಟಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ.

ಮೂರನೆಯದು ಹಾಗಲ್ಲ. ತೆರೆದು ನೋಡಿದರೆ ಪ್ರತಿ ಸಾಲಿನಲ್ಲೂ ದೊಡ್ಡಕ್ಷರದ 64 ಚಿಹ್ನೆ, ಕಡತದ ಹೆಸರೇ ಇಲ್ಲ. ಆದರೆ ನಾವು ಹೋಲಿಕೆಗೆ ಬಳಸಿ ನೋಡಿದ ಒಂದು ಸಿದ್ಧ ಟೂಲ್ ಅದನ್ನು ಎಸ್‌ಎಚ್‌ಎ-512 ಎಂದು ಬಲವಾಗಿ ಹೇಳಿತು. ಕಣ್ಣಿಗೆ 64 ಕಾಣುವುದು ಅದಕ್ಕೆ 128 ಏಕಾಯಿತು? ಕಡತವನ್ನು ಬೈಟ್ ಬೈಟ್ ಬಿಡಿಸಿ ನೋಡಿದಾಗ ಉತ್ತರ ಸಿಕ್ಕಿತು. ಆದೇಶಗಳನ್ನು ಟೈಪ್ ಮಾಡಿ ನಡೆಸುವ ವಿಂಡೋಸ್ ಪವರ್‌ಶೆಲ್‌ನ ಹಳೆಯ ಆವೃತ್ತಿಗಳಲ್ಲಿ ಫಲಿತಾಂಶವನ್ನು ಬಾಣದ ಚಿಹ್ನೆ (>) ಹಾಕಿ ಕಡತಕ್ಕೆ ಕಳಿಸಿದರೆ ಅದು ಯುಟಿಎಫ್-16 ಸಂಕೇತದಲ್ಲಿ ಉಳಿಯುತ್ತದೆ. ಅಂದರೆ ಒಂದೊಂದು ಅಕ್ಷರಕ್ಕೂ ಎರಡು ಬೈಟ್, ಅದರಲ್ಲಿ ಒಂದು ಸೊನ್ನೆ. 64 ಅಕ್ಷರ 128 ಬೈಟ್ ಆಯಿತು, ಬೈಟ್ ಎಣಿಸುವ ಟೂಲಿಗೆ ಅದು ಸರಿಯಾಗಿ ಎಸ್‌ಎಚ್‌ಎ-512ರ ಉದ್ದ. ಉದ್ದವನ್ನೇ ನಂಬಿದರೆ ಏನಾಗುತ್ತದೆ ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಬೇರೆಲ್ಲೂ ಸಿಕ್ಕಿಲ್ಲ. ಆ ಟೂಲನ್ನು ನಂಬಿ ಮುಂದುವರಿದಿದ್ದರೆ ಆ ಡಿಸ್ಕಿನ ಒಂದೊಂದು ಹಾಡೂ ಕೆಟ್ಟಿದೆ ಎಂಬ ವರದಿ ಬರುತ್ತಿತ್ತು.

ಪವರ್‌ಶೆಲ್‌ನ ಗೆಟ್-ಫೈಲ್‌ಹ್ಯಾಶ್ ಆದೇಶ ಬಗೆ ಹೇಳದಿದ್ದರೆ ಎಸ್‌ಎಚ್‌ಎ-256 ಹಾಕುತ್ತದೆ, ದೊಡ್ಡಕ್ಷರದಲ್ಲೇ ಬರೆಯುತ್ತದೆ. ಎರಡು ಸುಳಿವೂ ಒಂದೇ ಕಡೆ ತೋರಿಸುತ್ತಿದ್ದವು. ಕಡತದ ಹೆಸರು ಇಲ್ಲದಿದ್ದದ್ದು ಅಂಥ ತೊಂದರೆಯಾಗಲಿಲ್ಲ. ಡಿಸ್ಕಿನ ಎಲ್ಲ ಕಡತಗಳಿಗೂ ಎಸ್‌ಎಚ್‌ಎ-256 ಹಾಕಿ, ಬಂದ ಉತ್ತರ ಪಟ್ಟಿಯಲ್ಲಿ ಎಲ್ಲಾದರೂ ಇದೆಯೇ ಎಂದು ಹುಡುಕಿಸಿದೆವು. ಇಷ್ಟು ಉದ್ದದ ಸಂಖ್ಯೆಯಲ್ಲಿ ಸಂಖ್ಯೆಯೇ ಕಡತದ ಗುರುತು. ಒಂದೆರಡು ಸಾಲು ಬಿಟ್ಟು ಎಲ್ಲಕ್ಕೂ ಜೊತೆ ಸಿಕ್ಕಿತು. ಸಿಕ್ಕವುಗಳಲ್ಲೇ ಒಂದು ವಿಚಿತ್ರವಿತ್ತು, ಅದಕ್ಕೆ ಆಮೇಲೆ ಬರುತ್ತೇನೆ.

ಒಂದೂ ತಾಳೆಯಾಗದ ಪಟ್ಟಿ

ನಾಲ್ಕನೆಯ ಪಟ್ಟಿ ಈ ಪ್ರಕರಣದ ಹೃದಯ. ಧ್ವನಿಯನ್ನು ಏನೂ ಕಳೆಯದೆ ಅಡಕಗೊಳಿಸುವ ಫ್ಲಾಕ್ ರೂಪದ ಕಡತಗಳು, ಪ್ರತಿ ಹೆಸರಿನ ಬಳಿಕ ವಿವರಣ ಚಿಹ್ನೆ (:), ಅದಾದ ಮೇಲೆ 32 ಚಿಹ್ನೆ. ನೋಡಿದ ಯಾರಾದರೂ ಎಂಡಿ5 ಎನ್ನುತ್ತಾರೆ. ಟೂಲ್ ಕೂಡ "ಎಂಡಿ5 ಇರಬಹುದು" ಎಂದಿತು. ಮೂರು ಸಣ್ಣ ಕಡತಗಳ ಮೇಲೆ ಪರೀಕ್ಷಿಸಿದರೆ ಮೂರೂ ತಾಳೆಯಾಗಲಿಲ್ಲ. ಎಂಡಿ4 ಹಾಕಿ ನೋಡಿದೆವು, ಇಲ್ಲ. ಆ ಉದ್ದದ ಬೇರೆ ಲೆಕ್ಕಗಳನ್ನೂ ಹಾಕಿದೆವು, ಇಲ್ಲ. ಪೂರ್ತಿ ಫೋಲ್ಡರಿನ ಮೇಲೆ ಓಡಿಸಿದರೂ ಒಂದೇ ಒಂದು ಕಡತ ತಾಳೆಯಾಗಲಿಲ್ಲ.

ಬಳಗದವರ ಮುಖ ಸಣ್ಣಗಾಯಿತು. ಆ ಫೋಲ್ಡರಿನಲ್ಲೇ ಮಳವಳ್ಳಿ ಕಡೆಯ ಹಿರಿಯ ನೀಲಗಾರರೊಬ್ಬರ ಪೂರ್ಣ ಕಥನ ಇತ್ತು. ಇಡೀ ಫೋಲ್ಡರ್ ಹೋಯಿತೇ ಎಂದು ಕೇಳಿದರು. ನನಗೆ ಹಾಗನ್ನಿಸಲಿಲ್ಲ. ಡಿಸ್ಕ್ ಕೆಡುವ ರೀತಿ ಹಾಗಲ್ಲ, ಅಲ್ಲೊಂದು ಸೆಕ್ಟರ್, ಇಲ್ಲೊಂದು ಕಡತ ಹೋಗುತ್ತದೆ. ಎಲ್ಲ ಕಡತಗಳೂ ಒಟ್ಟಿಗೆ ತಾಳೆ ತಪ್ಪಿದರೆ ಕೆಟ್ಟಿರುವುದು ಕಡತಗಳಲ್ಲ, ಸಂಖ್ಯೆ ಏನನ್ನು ಅಳೆದಿದೆ ಎಂಬ ನಮ್ಮ ತಿಳಿವಳಿಕೆ. ಮೇಲಾಗಿ ಹಾಡುಗಳು ಕೇಳಲು ಚೊಕ್ಕವಾಗಿದ್ದವು.

ಸುಳಿವು ಇದ್ದದ್ದು ಆ ವಿವರಣ ಚಿಹ್ನೆಯಲ್ಲಿ. ಎಂಡಿ5 ಪಟ್ಟಿ ಮಾಡುವ ಸಾಮಾನ್ಯ ಆದೇಶಗಳು ಸಂಖ್ಯೆಯನ್ನು ಮೊದಲು ಬರೆದು ಹೆಸರನ್ನು ಆಮೇಲೆ ಬರೆಯುತ್ತವೆ, ಇಲ್ಲವೇ ಹೆಸರನ್ನು ಆವರಣದಲ್ಲಿಟ್ಟು ಸಮ ಚಿಹ್ನೆ ಹಾಕುತ್ತವೆ. ಹೆಸರು, ವಿವರಣ ಚಿಹ್ನೆ, ಸಂಖ್ಯೆ ಎಂಬ ಕ್ರಮ ಫ್ಲಾಕ್ ಜೊತೆಗೆ ಬರುವ ಮೆಟಾಫ್ಲಾಕ್ ಆದೇಶದ ಶೈಲಿ. ಫ್ಲಾಕ್ ರೂಪದ ಒಂದು ಸೊಗಸು ಏನೆಂದರೆ, 2001ರಲ್ಲಿ ಅದರ ಮೊದಲ ಆವೃತ್ತಿ ಬಂದಾಗಿನಿಂದಲೂ, ಧ್ವನಿಯನ್ನು ಅಡಕಗೊಳಿಸುವ ಮೊದಲು ಆ ಮೂಲ ಧ್ವನಿ ದತ್ತಾಂಶದ ಎಂಡಿ5 ಹಾಕಿ ಕಡತದ ತಲೆಯಲ್ಲೇ ಬರೆದಿಡಲು ಜಾಗವಿದೆ. ನಮ್ಮ ಪಟ್ಟಿಯಲ್ಲಿದ್ದದ್ದು ಆ ಸಂಖ್ಯೆ. ಬಗೆ ಎಂಡಿ5 ಎಂಬುದು ನಿಜ, ಆದರೆ ಅದು ಕಡತದ ಎಂಡಿ5 ಅಲ್ಲ, ಒಳಗಿನ ಧ್ವನಿಯ ಎಂಡಿ5.

ಆ ಪಟ್ಟಿ ತಯಾರಿಸಿದವರು ಬಹಳ ವಿವೇಕದಿಂದ ಕೆಲಸ ಮಾಡಿದ್ದರು ಎಂದು ಆಗ ಅರ್ಥವಾಯಿತು. ಡಿಜಿಟಲ್ ಮಾಡಿದ ಮೇಲೆ ಬೇರೆಯವರು ಕುಳಿತು ಒಂದೊಂದು ಕಡತಕ್ಕೂ ಹಾಡುಗಾರರ ಹೆಸರು, ಊರು, ವರ್ಷಗಳನ್ನು ಟ್ಯಾಗ್ ಆಗಿ ಸೇರಿಸಿದ್ದರು. ಟ್ಯಾಗ್ ಸೇರಿದ ಕೂಡಲೇ ಕಡತದ ಬೈಟ್‌ಗಳು ಬದಲಾಗುತ್ತವೆ, ಕಡತದ ಚೆಕ್‌ಸಮ್ ಬದಲಾಗುತ್ತದೆ. ಧ್ವನಿಯ ಚೆಕ್‌ಸಮ್ ಮಾತ್ರ ಹಾಗೇ ಇರುತ್ತದೆ. ಅವರು ಕಡತದ ಎಂಡಿ5 ತೆಗೆದಿಟ್ಟಿದ್ದರೆ ಇಂದು ಅದು ಯಾವ ಕೆಲಸಕ್ಕೂ ಬರುತ್ತಿರಲಿಲ್ಲ.

ಪರಿಶೀಲನೆಯಲ್ಲಿ ಒಂದು ಸೂಕ್ಷ್ಮ ಇದೆ. ಕಡತದ ತಲೆಯಲ್ಲಿ ಬರೆದಿರುವ ಎಂಡಿ5ಯನ್ನು ಓದಿ ಪಟ್ಟಿಯೊಂದಿಗೆ ಹೋಲಿಸಿದರೆ ಸಾಲದು. ತಲೆ ನೆಟ್ಟಗಿದ್ದು ಒಡಲು ಕೆಟ್ಟಿರಬಹುದು. ಫ್ಲಾಕ್ ಕಡತವನ್ನು ಪೂರ್ತಿ ಬಿಚ್ಚಿ, ಹೊರಬಂದ ಧ್ವನಿಗೆ ಹೊಸದಾಗಿ ಎಂಡಿ5 ಹಾಕಿ, ಅದನ್ನು ತಲೆಯ ಸಂಖ್ಯೆಗೂ ಪಟ್ಟಿಯ ಸಂಖ್ಯೆಗೂ ಹೋಲಿಸಬೇಕು. ಟೂಲಿಗೆ ಇದನ್ನು ಸೇರಿಸಿದೆವು: ಕಡತ ಫ್ಲಾಕ್ ಆಗಿದ್ದು 32 ಚಿಹ್ನೆಯ ಸಂಖ್ಯೆ ತಾಳೆಯಾಗದಿದ್ದರೆ ಒಳಗಿನ ಧ್ವನಿಯನ್ನೂ ಲೆಕ್ಕ ಹಾಕು ಎಂದು. ಓಡಿಸಿದಾಗ ಆ ಹಿರಿಯರ ಕಥನದ ಎಲ್ಲ ಭಾಗಗಳೂ ತಾಳೆಯಾದವು. ಫೋಲ್ಡರಿನಲ್ಲಿ ಬೇರೆ ಒಂದು ಸೋಬಾನೆ ಕಡತ ಮಾತ್ರ ನಡುವೆ ಬಿಚ್ಚಿಕೊಳ್ಳದೆ ನಿಂತಿತು, ಅದರ ಒಳ್ಳೆಯ ಪ್ರತಿ ಇನ್ನೊಂದು ಡಿಸ್ಕಿನಲ್ಲಿ ದೊರೆಯಿತು.

ಕನ್ನಡ ಹೆಸರುಗಳ ತಕರಾರು

ಇದು ಚೆಕ್‌ಸಮ್ ಬಗೆಯ ಪ್ರಶ್ನೆಯಲ್ಲ, ಆದರೆ ಕನ್ನಡದಲ್ಲಿ ಕಡತಗಳಿಗೆ ಹೆಸರಿಡುವ ಎಲ್ಲರಿಗೂ ಒಂದಲ್ಲ ಒಂದು ದಿನ ಎದುರಾಗುತ್ತದೆ. ಎರಡನೇ ಪಟ್ಟಿಯ ಒಂದಷ್ಟು ಸಾಲುಗಳಿಗೆ "ಕಡತ ಸಿಗಲಿಲ್ಲ" ಎಂದು ಟೂಲ್ ಹೇಳುತ್ತಿತ್ತು. ಕಡತ ಕಣ್ಣೆದುರೇ ಇದೆ. ಪಟ್ಟಿಯಲ್ಲಿ ಬೊಪ್ಪೇಗೌಡನಪುರ, ಡಿಸ್ಕಿನಲ್ಲೂ ಬೊಪ್ಪೇಗೌಡನಪುರ, ಒಂದು ಒತ್ತೂ ವ್ಯತ್ಯಾಸವಿಲ್ಲ.

ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಸಂಕೇತ ಕೊಡುವ ಯುನಿಕೋಡ್‌ನಲ್ಲಿ ಕೆಲವು ಕನ್ನಡ ಸ್ವರ ಚಿಹ್ನೆಗಳನ್ನು ಎರಡು ರೀತಿ ಬರೆಯಲು ಬರುತ್ತದೆ. ಒಕಾರದ ಚಿಹ್ನೆಗೆ ಒಂದೇ ಸಂಕೇತ ಉಂಟು, ಅದನ್ನೇ ಎಕಾರದ ಚಿಹ್ನೆ ಮತ್ತು ಊಕಾರದ ಚಿಹ್ನೆ ಎಂದು ಎರಡಾಗಿಯೂ ಇಡಬಹುದು. ಏಕಾರದ ಚಿಹ್ನೆಯೂ ಹಾಗೇ, ಎಕಾರ ಮತ್ತು ದೀರ್ಘದ ಚಿಹ್ನೆಯಾಗಿ ಬಿಡುತ್ತದೆ. ಪರದೆಯ ಮೇಲೆ ಎರಡೂ ಒಂದೇ. ಹಳೆಯ ಮ್ಯಾಕ್ ಡಿಸ್ಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ವ್ಯವಸ್ಥೆ ಕಡತದ ಹೆಸರನ್ನು ಬಿಡಿಸಿದ ರೂಪದಲ್ಲೇ ಇಟ್ಟುಕೊಳ್ಳುತ್ತಿತ್ತು. ನಮ್ಮ ಕಡತಗಳು ಯಾವುದೋ ಹಂತದಲ್ಲಿ ಒಂದು ಮ್ಯಾಕ್ ದಾಟಿ ಬಂದಿದ್ದವು, ಪಟ್ಟಿಯನ್ನು ಟೈಪ್ ಮಾಡಿದ್ದು ವಿಂಡೋಸ್‌ನಲ್ಲಿ. ಬೊಪ್ಪೇಗೌಡನಪುರ ಎಂಬುದು ಪಟ್ಟಿಯಲ್ಲಿ 13 ಸಂಕೇತ, ಡಿಸ್ಕಿನಲ್ಲಿ 15. ಕಂಪ್ಯೂಟರಿಗೆ ಅವು ಎರಡು ಬೇರೆ ಊರು. ಹೋಲಿಸುವ ಮೊದಲು ಎರಡೂ ಕಡೆಯ ಹೆಸರುಗಳನ್ನು ಕೂಡಿಸಿದ ರೂಪಕ್ಕೆ ತರುವ ಒಂದು ಸಾಲು ಪೈಥಾನ್ ಸೇರಿಸಿದ ಮೇಲೆ ಕಾಣೆಯಾದ ಕಡತಗಳೆಲ್ಲ ಸಿಕ್ಕವು. ಬೇರೆ ಭಾಷೆಗಳಿಗೆಂದು ಬರೆದ ಟೂಲುಗಳಲ್ಲಿ ಈ ಪರೀಕ್ಷೆ ಬಹಳ ಸಲ ಇರುವುದಿಲ್ಲ. ನಮ್ಮ ಭಾಷೆಯ ಸಂಗ್ರಹಗಳಿಗೆ ನಾವೇ ಚಿಕ್ಕಪುಟ್ಟ ಟೂಲು ಬರೆದುಕೊಳ್ಳಬೇಕು ಎಂದು ನಾನು ಒತ್ತಿ ಹೇಳುವುದು ಇಂಥ ಕಾರಣಕ್ಕೆ.

ಹಳೆಯ ಬಗೆಗಳನ್ನು ಎಸೆಯಬೇಕೇ

ಬಗೆಗಳು ಗೊತ್ತಾದ ಮೇಲೆ ಬಳಗದ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬ ಒಳ್ಳೆಯ ಪ್ರಶ್ನೆ ಎತ್ತಿದ. ಎಂಡಿ5 ಮುರಿದಿದೆ, ಎಸ್‌ಎಚ್‌ಎ-1 ಮುರಿದಿದೆ ಎಂದು ತರಗತಿಯಲ್ಲಿ ಹೇಳುತ್ತಾರೆ, ಹಾಗಾದರೆ ಈ ಪಟ್ಟಿಗಳಿಗೆ ಬೆಲೆ ಇದೆಯೇ? ರಾನ್ ರಿವೆಸ್ಟ್ 1991ರಲ್ಲಿ ರೂಪಿಸಿದ ಎಂಡಿ5ಗೆ 2004ರಲ್ಲಿ ಚೀನಾದ ಶಿಯಾವೊಯುನ್ ವಾಂಗ್ ಮತ್ತು ಸಂಗಡಿಗರು ಒಂದೇ ಉತ್ತರ ಕೊಡುವ ಎರಡು ಬೇರೆ ದತ್ತಾಂಶಗಳನ್ನು ತೋರಿಸಿದರು. ಎಸ್‌ಎಚ್‌ಎ-1ಗೆ 2017ರಲ್ಲಿ ಗೂಗಲ್ ಮತ್ತು ಆಮ್‌ಸ್ಟರ್‌ಡ್ಯಾಮ್‌ನ ಸಿಡಬ್ಲ್ಯುಐ ಸಂಸ್ಥೆಯ ಸಂಶೋಧಕರು ಅದೇ ರೀತಿ ಎರಡು ಪಿಡಿಎಫ್ ತಯಾರಿಸಿ ತೋರಿಸಿದರು. ಇವೆಲ್ಲ ಬೇಕೆಂದೇ ಮಾಡುವ ಮೋಸದ ಲೆಕ್ಕ. ಡಿಸ್ಕಿನ ಸೆಕ್ಟರ್ ತಾನಾಗಿ ಕೆಟ್ಟು ಎಂಡಿ5 ಹಾಗೇ ಉಳಿಯುವುದು ನಡೆಯುವ ಮಾತಲ್ಲ. ನಮಗೆ ಬೇಕಾದದ್ದು ಆಕಸ್ಮಿಕ ಹಾನಿಯ ಪತ್ತೆ, ಅದಕ್ಕೆ ಹಳೆಯ ಪಟ್ಟಿಗಳು ಸಾಕು. ಯಾರಾದರೂ ಉದ್ದೇಶಪೂರ್ವಕ ತಿದ್ದಿದ್ದಾರೆಯೇ ಎಂಬ ಪ್ರಶ್ನೆ ಬಂದಾಗ ಸಾಲುವುದಿಲ್ಲ.

ಹಾಗಾಗಿ ಎಸೆಯಲಿಲ್ಲ. ಮುಂದಿನ ಬಳಕೆಗೆ ಎಸ್‌ಎಚ್‌ಎ-256 ಎಂದು ಗೊತ್ತುಮಾಡಿದೆವು. ಇಲ್ಲಿ ಕ್ರಮ ತಪ್ಪಬಾರದು. ಹಳೆಯ ಪಟ್ಟಿಯಿಂದ ಕಡತ ನೆಟ್ಟಗಿದೆ ಎಂದು ದೃಢವಾದ ಮೇಲೆ ಮಾತ್ರ ಅದಕ್ಕೆ ಹೊಸ ಚೆಕ್‌ಸಮ್. ಅವಸರದಲ್ಲಿ ನೇರವಾಗಿ ಹೊಸದು ಹಾಕಿದರೆ ಕೆಟ್ಟ ಕಡತಕ್ಕೂ ಸರಿ ಎಂಬ ಮುದ್ರೆ ಬೀಳುತ್ತದೆ, ಆಮೇಲೆ ಯಾವ ಟೂಲೂ ಅದನ್ನು ಹಿಡಿಯಲಾರದು. ಇಡೀ ಸಂಗ್ರಹವನ್ನು, ಕಡತಗಳನ್ನೂ ಅವುಗಳ ಚೆಕ್‌ಸಮ್ ಪಟ್ಟಿಯನ್ನೂ ಒಟ್ಟಿಗೆ ಇಡುವ ಬ್ಯಾಗ್‌ಇಟ್ ವಿನ್ಯಾಸದಲ್ಲಿ ಜೋಡಿಸಿದೆವು. 2018ರಲ್ಲಿ ಆರ್‌ಎಫ್‌ಸಿ 8493 ಎಂಬ ಅಂತರ್ಜಾಲ ತಾಂತ್ರಿಕ ದಾಖಲೆಯಾಗಿ ಪ್ರಕಟವಾದ ಈ ವಿನ್ಯಾಸದಲ್ಲಿ ಚೆಕ್‌ಸಮ್ ಪಟ್ಟಿಯ ಕಡತದ ಹೆಸರಿನಲ್ಲೇ ಬಗೆಯ ಹೆಸರು ಸೇರಿರಬೇಕು, ಮ್ಯಾನಿಫೆಸ್ಟ್, ಅಡ್ಡಗೆರೆ, ಎಸ್‌ಎಚ್‌ಎ256 ಎಂದು. ಇನ್ನು ಹತ್ತು ವರ್ಷದ ಮೇಲೆ ಅದನ್ನು ತೆರೆಯುವವರಿಗೆ ನಮ್ಮ ಟೂಲಿನ ಅಗತ್ಯವೇ ಬೀಳುವುದಿಲ್ಲ, ಹಾಗಾಗಲಿ ಎಂದೇ ಅದನ್ನು ಆರಿಸಿದ್ದು.

ತಾಳೆಯಾದ ಖಾಲಿ ಕಡತ

ಮೂರನೇ ಪಟ್ಟಿಯ ವಿಚಿತ್ರ ಇಷ್ಟು. ಒಂದು ಸಾಲು ಇ3ಬಿ0ಸಿ442 ಎಂದು ಶುರುವಾಗುತ್ತಿತ್ತು. ಅದಕ್ಕೆ ಜೊತೆಯ ಕಡತ ಸಿಕ್ಕಿತ್ತು, ಟೂಲ್ "ಖಚಿತ, ತಾಳೆಯಾಗಿದೆ" ಎಂದಿತ್ತು. ಈ ಕೆಲಸ ಮಾಡಿ ಅಭ್ಯಾಸ ಇರುವವರಿಗೆ ಆ ಸಂಖ್ಯೆ ಕಂಡ ತಕ್ಷಣ ಗುರುತು ಹತ್ತುತ್ತದೆ: ಒಂದು ಬೈಟೂ ಇಲ್ಲದ ಕಡತದ ಎಸ್‌ಎಚ್‌ಎ-256 ಅದು. ಎಂಡಿ5ಯಲ್ಲಾದರೆ ಡಿ41ಡಿ8ಸಿಡಿ9, ಎಸ್‌ಎಚ್‌ಎ-1ರಲ್ಲಾದರೆ ಡಿಎ39ಎ3ಇಇ, ಸಿಆರ್‌ಸಿ-32ರಲ್ಲಾದರೆ ಎಂಟು ಸೊನ್ನೆ. ಅಂದರೆ ಆ ಪಟ್ಟಿ ಮಾಡಿದ ದಿನವೇ ಕಡತ ಖಾಲಿಯಾಗಿತ್ತು, ಬಹುಶಃ ನಕಲು ನಡುವೆ ನಿಂತು ಹೆಸರು ಮಾತ್ರ ಉಳಿದಿತ್ತು. ಅಂದು ಖಾಲಿ, ಇಂದೂ ಖಾಲಿ, ಲೆಕ್ಕ ತಾಳೆಯಾಗದೆ ಇನ್ನೇನು? ಕಡತ ಬದಲಾಗಿಲ್ಲ ಎಂದಷ್ಟೇ ಚೆಕ್‌ಸಮ್ ಹೇಳಬಲ್ಲದು, ಅದರೊಳಗೆ ಹಾಡು ಇದೆ ಎಂದು ಹೇಳಲಾರದು.

ಈ ಸಂಖ್ಯೆಗಳನ್ನೆಲ್ಲ ಟೂಲಿನೊಳಗೆ ಬರೆದಿಟ್ಟೆವು. ಈಗ ಅವುಗಳಲ್ಲಿ ಯಾವುದಾದರೂ ಕಂಡರೆ ತಾಳೆಯ ಮಾತು ಎತ್ತುವ ಮೊದಲೇ "ಖಾಲಿ ಕಡತ, ಮೂಲ ಹುಡುಕಿ" ಎಂದು ಕೆಂಪಕ್ಷರದಲ್ಲಿ ಬರುತ್ತದೆ. ಆ ಮುದ್ರಣ ಬೇರೆ ಯಾವ ಡಿಸ್ಕಿನಲ್ಲೂ ಇರಲಿಲ್ಲ. ಬಳಗದ ಕಬ್ಬಿಣದ ಬೀರುವಿನಲ್ಲಿ ಕ್ಯಾಸೆಟ್ ಇತ್ತು, ಮೇಲೆ ಊರಿನ ಹೆಸರು ಪೆನ್ನಿನಲ್ಲಿ ಬರೆದದ್ದು ಓದುವಂತಿತ್ತು. ಟೇಪನ್ನು ಪ್ಲೇಯರಿನ ಹೆಡ್‌ಗೆ ಒತ್ತಿಹಿಡಿಯುವ ಪುಟ್ಟ ಮೆತ್ತೆ ಬಿದ್ದುಹೋಗಿತ್ತು, ಮೈಸೂರಿನಲ್ಲಿ ಪ್ಲೇಯರ್ ರಿಪೇರಿ ಮಾಡುವವರೊಬ್ಬರು ಸುರುಳಿಯನ್ನು ಹೊಸ ಕವಚಕ್ಕೆ ಹಾಕಿಕೊಟ್ಟರು. ಎರಡೂ ಮಗ್ಗುಲು ಡಿಜಿಟಲ್ ಆದವು, ಕಾರ್ಯದರ್ಶಿಯವರು ಪೂರ್ತಿ ಕೂತು ಕೇಳಿದ ಮೇಲೆ ಎಸ್‌ಎಚ್‌ಎ-256 ಹಾಕಿ ಪಟ್ಟಿಗೆ ಸೇರಿಸಿದೆವು.

ಮೂರನೇ ಪಟ್ಟಿಯಲ್ಲಿ ಜೊತೆ ಸಿಗದ ಒಂದೆರಡು ಸಾಲುಗಳು ಬೇರೆ ಹಾಳೆಯಲ್ಲಿವೆ. ಬೀರುವಿನ ಉಳಿದ ಕ್ಯಾಸೆಟ್‌ಗಳನ್ನು ಈಗ ಪಟ್ಟಿಯೊಂದಿಗೆ ಒಂದೊಂದಾಗಿ ಹೋಲಿಸುತ್ತಿದ್ದಾರೆ.